ಕ್ಯಾಮೆರಾ ಹಿಡಿದು ಹೋಗಬೇಕು ಅನ್ನೋ ನಿಮ್ಮ ಕನಸಿನ ಜಾಗ ಯಾವುದು? ಅಲ್ಲಿ ಏನನ್ನು ತೆಗೆಯಬಾರದು?

ಬಿಸಿಲುನಾಡು (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಕ್ಯಾಮೆರಾ ಕೊಂಡ ದಿನದಿಂದ ಕಾಶಿಗೆ ಹೋಗಬೇಕು ಅನ್ನೋ ಆಸೆ ಇದೆ. ಈ ಸಲ ಕಾರ್ತಿಕ ಹುಣ್ಣಿಮೆಗೆ, ಘಾಟ್‌ಗಳ (ನದಿ ದಡದ ಮೆಟ್ಟಿಲುಗಳ) ತುಂಬ ದೀಪ ಹಚ್ಚುವ ದೇವ ದೀಪಾವಳಿ ನೋಡೋಕೆ ಅಂತ ಟಿಕೆಟ್ ಕೂಡ ಮಾಡಿಸಿದ್ದೇನೆ. ಯಾವ ಲೆನ್ಸ್ ಒಯ್ಯಬೇಕು, ಯಾವ ಘಾಟ್‌ನಲ್ಲಿ ನಿಲ್ಲಬೇಕು ಅನ್ನೋದು ಹುಡುಕಿದರೆ ಬೇಕಾದಷ್ಟು ಸಿಗುತ್ತದೆ. ನನಗೆ ಬೇಕಾಗಿರೋದು ಅದಲ್ಲ. ಅಲ್ಲಿ ಜನ ಸ್ನಾನ ಮಾಡುತ್ತಿರುತ್ತಾರೆ, ಅಳುತ್ತಿರುತ್ತಾರೆ, ತಮ್ಮವರ ಹೆಣ ಸುಡುತ್ತಿರುತ್ತಾರೆ. ನಡುವೆ ನಾವು ಕ್ಯಾಮೆರಾ ಎತ್ತಿಕೊಂಡು ನಿಂತಿರುತ್ತೇವೆ. ಎಲ್ಲಿಯ ತನಕ ಸರಿ, ಎಲ್ಲಿಂದ ಆಚೆ ತಪ್ಪು? ಹೋಗಿ ಬಂದವರು ಹೇಳಿ. ಕಾಶಿಯೇ ಆಗಬೇಕು ಅಂತಿಲ್ಲ. ನಿಮ್ಮ ಕನಸಿನ ಊರಿನ ಬಗ್ಗೆಯೂ ಬರೆಯಿರಿ.

ಕಾಶಿಪ್ರಿಯ

ಒಳ್ಳೆ ಪ್ರಶ್ನೆ ಕೇಳಿದ್ದೀರಿ. ನಾನು ಅಲ್ಲಿ ಆಗಾಗ ಹೋಗಿ ಉಳಿಯುವವನು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಬೆಳಕಿನ ಲೆಕ್ಕ. ಕಾಶಿಯಲ್ಲಿ ಗಂಗೆ ಉತ್ತರಕ್ಕೆ ಹರಿಯುತ್ತಾಳೆ. ಘಾಟ್‌ಗಳೆಲ್ಲ ಪಶ್ಚಿಮ ದಡದಲ್ಲಿ, ಪೂರ್ವಕ್ಕೆ ಮುಖ ಮಾಡಿಕೊಂಡು ಇವೆ. ಎದುರು ದಡ ಬರೀ ಮರಳು. ಅಲ್ಲಿಂದ ಹುಟ್ಟುವ ಸೂರ್ಯನ ಬೆಳಕು ನೇರವಾಗಿ ಮೆಟ್ಟಿಲು, ಗೋಡೆ, ಮನುಷ್ಯರ ಮುಖದ ಮೇಲೆ ಬೀಳುತ್ತದೆ. ಹಾಗಾಗಿ ಬೆಳಗ್ಗೆ ದೋಣಿಯಲ್ಲಿದ್ದವರೇ ಪುಣ್ಯವಂತರು. ಸಂಜೆ ಸೂರ್ಯ ಊರಿನ ಹಿಂದೆ ಇಳಿಯುತ್ತಾನೆ, ಘಾಟ್‌ಗಳೆಲ್ಲ ನೆರಳಿಗೆ ಹೋಗುತ್ತವೆ. ಡಿಸೆಂಬರ್, ಜನವರಿಯಲ್ಲಿ ಮಂಜು ಎಷ್ಟು ದಟ್ಟ ಅಂದರೆ ಕೆಲವು ದಿನ ಎದುರಿನ ದೋಣಿಯೂ ಕಾಣುವುದಿಲ್ಲ. ಮಳೆಗಾಲದಲ್ಲಿ ಕೆಳಗಿನ ಮೆಟ್ಟಿಲುಗಳು ಮುಳುಗುತ್ತವೆ, ದಶಾಶ್ವಮೇಧದ ಆರತಿಯೇ ಮೇಲಿನ ಚಾವಣಿಗೆ ಹೋಗುತ್ತದೆ. ನೀವು ಹೋಗುವ ಕಾಲ ಚೆನ್ನಾಗಿದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮಣಿಕರ್ಣಿಕಾ ಮತ್ತು ಹರಿಶ್ಚಂದ್ರ ಘಾಟ್‌ನಲ್ಲಿ ಚಿತೆಯ ಫೋಟೋ ತೆಗೆಯಬಾರದು. ಅಲ್ಲಿನವರು ಬಾಯಿಬಿಟ್ಟು ಹೇಳುತ್ತಾರೆ, ತೆಗೆದರೆ ಜಗಳಕ್ಕೆ ಬರುತ್ತಾರೆ, ಅದು ನ್ಯಾಯವೇ. ಆದರೆ ಅಲ್ಲೇ ಇನ್ನೊಬ್ಬ ನಿಮ್ಮ ಪಕ್ಕ ಬಂದು ನಿಂತು, ಇಷ್ಟು ಕೊಟ್ಟರೆ ಮೇಲಿನ ಮಹಡಿಗೆ ಕರೆದುಕೊಂಡು ಹೋಗುತ್ತೇನೆ, ಅಲ್ಲಿಂದ ಆರಾಮಾಗಿ ತೆಗೆಯಬಹುದು ಅನ್ನುತ್ತಾನೆ. ಬಡವರ ಹೆಣ ಸುಡೋಕೆ ಸೌದೆಗೆ ದಾನ ಕೊಡಿ ಅಂತಲೂ ಕೇಳುತ್ತಾನೆ. ಅವನಿಗೂ ಆ ಚಿತೆಗೂ ಸಂಬಂಧ ಇರುವುದಿಲ್ಲ. ಸತ್ತವರ ಮನೆಯವರು ಕೆಳಗೆ ನಿಂತಿರುತ್ತಾರೆ, ಅವರನ್ನು ಯಾರೂ ಕೇಳಿರುವುದಿಲ್ಲ. ದುಡ್ಡು ಕೊಟ್ಟ ಮಾತ್ರಕ್ಕೆ ಅದು ಅನುಮತಿ ಆಗುವುದಿಲ್ಲ.

ನಾನು ಅಲ್ಲಿ ಕ್ಯಾಮೆರಾ ಚೀಲದಿಂದ ಹೊರಗೆ ತೆಗೆಯುವುದೇ ಇಲ್ಲ. ಮಣಿಕರ್ಣಿಕೆಯ ಹಿಂದಿನ ಓಣಿಗಳಲ್ಲಿ ಸೌದೆ ಪೇರಿಸಿದ್ದಾರೆ, ಆಳೆತ್ತರ ದಾಟಿ. ದೊಡ್ಡ ತಕ್ಕಡಿಯಲ್ಲಿ ಸೌದೆ ತೂಗುತ್ತಾರೆ. ತೂಗುವವರನ್ನು ಕೇಳಿದರೆ ಎಷ್ಟೋ ಸಲ ಒಪ್ಪುತ್ತಾರೆ. ಸಾವಿನ ಬಗ್ಗೆ ಹೇಳೋಕೆ ಆ ತಕ್ಕಡಿಯ ಒಂದು ಫೋಟೋ ಸಾಕು ಅಂತ ನನ್ನ ಅಭಿಪ್ರಾಯ.

ವಿಶ್ವನಾಥನ ಗುಡಿಯೊಳಗೆ ಮೊಬೈಲ್, ಕ್ಯಾಮೆರಾ ಯಾವುದಕ್ಕೂ ಪ್ರವೇಶ ಇಲ್ಲ. ಎಲ್ಲವನ್ನೂ ಲಾಕರ್‌ನಲ್ಲಿ ಇಟ್ಟು ಹೋಗಬೇಕು. ದುಬಾರಿ ಲೆನ್ಸ್ ಇದ್ದರೆ ರೂಮಿನಲ್ಲೇ ಬಿಟ್ಟು ದರ್ಶನಕ್ಕೆ ಹೋಗಿ.

ತುಂಗೆಯ_ಮಗಳು (ಶಿವಮೊಗ್ಗ)

ಕಾಶಿಪ್ರಿಯ ಅವರು ಚಿತೆಯ ಬಗ್ಗೆ ಬರೆದರು. ಸ್ನಾನದ ಬಗ್ಗೆ ನಾನು ಬರೆಯುತ್ತೇನೆ, ಯಾಕೆಂದರೆ ಗಂಡಸರು ಯಾರೂ ಅದನ್ನು ಬರೆಯುವುದಿಲ್ಲ.

ನಾನು ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಕೇದಾರ ಘಾಟ್‌ನಲ್ಲಿ ದಕ್ಷಿಣದ ಜನ ಜಾಸ್ತಿ, ಕೆಂಪು ಬಿಳಿ ಪಟ್ಟೆಯ ಗುಡಿ ಇದೆಯಲ್ಲ, ಅಲ್ಲೇ. ಅಮ್ಮ ಮುಳುಗು ಹಾಕಿ ಮೇಲೆ ಬಂದಳು. ನಾನು ಒಣ ಸೀರೆಯ ಎರಡು ತುದಿ ಹಿಡಿದು ಅವಳಿಗೆ ಮರೆ ಮಾಡಿದೆ. ಪಕ್ಕದ ಮೆಟ್ಟಿಲಲ್ಲಿ ಒಬ್ಬರು ಮಂಡಿಯೂರಿ ಕೂತು ಉದ್ದದ ಲೆನ್ಸ್ ಇಟ್ಟುಕೊಂಡು ಒಂದೇ ಸಮ ಕ್ಲಿಕ್ ಮಾಡುತ್ತಿದ್ದರು. ನಾನು ಸೀರೆಯನ್ನು ಅವರ ಕಡೆ ತಿರುಗಿಸಿದೆ, ಅವರು ಜಾಗ ಬದಲಾಯಿಸಿದರು. ಮತ್ತೆ ತಿರುಗಿಸಿದೆ. ಕೊನೆಗೆ ಅಮ್ಮನೇ ಕನ್ನಡದಲ್ಲಿ ಜೋರಾಗಿ, ನಿನ್ನ ಮನೆಯಲ್ಲಿ ಯಾರೂ ಇಲ್ವೇನಪ್ಪಾ ಅಂದಳು. ಅವರಿಗೆ ಭಾಷೆ ಅರ್ಥವಾಗಿರಲಿಕ್ಕಿಲ್ಲ, ದನಿ ಅರ್ಥವಾಯಿತು. ಎದ್ದು ಹೋದರು.

ಮಂಜು, ಚಿನ್ನದ ಬಣ್ಣದ ಬೆಳಕು, ಕೈ ಮುಗಿದ ಹೆಂಗಸು. ಅಂಥ ಫೋಟೋಗಳಿಗೆ ಬಹುಮಾನ ಬರುವುದು ನನಗೂ ಗೊತ್ತು. ಆ ಹೆಂಗಸು ಒದ್ದೆ ಸೀರೆಯಲ್ಲಿದ್ದಾಳೆ ಅನ್ನೋದು ಮಾತ್ರ ತೀರ್ಪುಗಾರರಿಗೆ ಕಾಣುವುದಿಲ್ಲ.

ಸ್ಟ್ರೀಟ್_ರಾಜ (ಬೆಂಗಳೂರು)

ಮೇಡಂ, ನೀವು ಹೇಳಿದ್ದು ಸರಿ, ಅವನು ಮಾಡಿದ್ದು ಗಲೀಜು ಕೆಲಸ. ಆದರೆ ಎಲ್ಲದಕ್ಕೂ ಕೇಳಿಯೇ ತೆಗೆಯಬೇಕು ಅಂದರೆ ಬೀದಿ ಛಾಯಾಗ್ರಹಣ ಮುಗಿದ ಹಾಗೆ. ಕೇಳಿದ ತಕ್ಷಣ ಜನ ನೆಟ್ಟಗೆ ನಿಂತು, ತಲೆ ಬಾಚಿಕೊಂಡು, ಹಲ್ಲು ಕಿರಿಯುತ್ತಾರೆ. ಆಮೇಲೆ ಸಿಗೋದು ಆಧಾರ್ ಕಾರ್ಡಿನ ಫೋಟೋ. ಅದೂ ಅಲ್ಲದೆ ಘಾಟ್ ಸಾರ್ವಜನಿಕ ಜಾಗ. ಕಾನೂನೇ ಬೇಡ ಅನ್ನದಿರುವಾಗ ನಾವು ಯಾಕೆ ನಮ್ಮ ಕೈ ಕಟ್ಟಿಕೊಳ್ಳಬೇಕು?

ಕಾಶಿಪ್ರಿಯ

ರಾಜ ಅವರೇ, ಎಲ್ಲದಕ್ಕೂ ಕೇಳಬೇಕು ಅಂತ ಯಾರೂ ಹೇಳಲಿಲ್ಲ. ದಶಾಶ್ವಮೇಧದ ಆರತಿಗೆ ಸಾವಿರಾರು ಜನ ಬರುತ್ತಾರೆ. ಅದು ನಾಲ್ಕು ಜನ ನೋಡಲಿ ಅಂತಲೇ ನಡೆಯುವ ಸೇವೆ. ಅಲ್ಲಿ ಒಬ್ಬೊಬ್ಬರನ್ನೂ ಕೇಳುತ್ತಾ ಹೋದರೆ ಹುಚ್ಚ ಅಂದುಕೊಳ್ಳುತ್ತಾರೆ. ಅಸ್ಸಿ ಘಾಟ್‌ನ ಬೆಳಗಿನ ಆರತಿ, ಸಂಗೀತಕ್ಕೂ ಇದೇ ಮಾತು. ಆದರೆ ಒಬ್ಬರ ಮುಖಕ್ಕೆ ಲೆನ್ಸ್ ಇಟ್ಟಾಗ, ಅವರು ತಮ್ಮ ಸ್ವಂತ ಕೆಲಸದಲ್ಲಿ ಮುಳುಗಿದ್ದಾಗ, ಲೆಕ್ಕ ಬೇರೆ. ಮೊದಲು ತೆಗೆದು, ಆಮೇಲೆ ಹೋಗಿ ಸ್ಕ್ರೀನ್ ತೋರಿಸಿ, ಇಟ್ಟುಕೊಳ್ಳಲಾ ಅಂತ ಕೇಳೋದೂ ಒಂದು ದಾರಿ. ಬೇಡ ಅಂದರೆ ಅವರ ಎದುರೇ ಅಳಿಸಿ.

ಒಸಾಕಾ_ಕನ್ನಡಿಗ

"ಕಾನೂನೇ ಬೇಡ ಅನ್ನದಿರುವಾಗ" ಅನ್ನೋ ಮಾತಿಗೆ ಇಲ್ಲಿಂದ ಒಂದು ಉದಾಹರಣೆ. ನಾವು ಹಾಗೇ ನಡೆದುಕೊಂಡರೆ ಕೊನೆಗೆ ಕಾನೂನು ಬಂದೇ ಬರುತ್ತದೆ.

ಜಪಾನಿನ ಕ್ಯೋಟೋ ಊರಿನ ಗಿಯೋನ್ ಬಡಾವಣೆ ನಮ್ಮಲ್ಲಿ ಎಷ್ಟೋ ಜನರ ಕನಸಿನ ಜಾಗ. ಮರದ ಮನೆಗಳು, ಕಾಗದದ ಲಾಂದ್ರ, ಕಿಮೋನೊ ಉಟ್ಟ ಮೈಕೋಗಳು. ಮೈಕೋ ಅಂದರೆ ಹಾಡು, ಕುಣಿತದಿಂದ ಅತಿಥಿಗಳನ್ನು ರಂಜಿಸುವ ಗೈಶಾ ಕಲೆಯನ್ನು ಇನ್ನೂ ಕಲಿಯುತ್ತಿರುವ ಹುಡುಗಿ, ಕಲಿತು ಮುಗಿದವರನ್ನು ಕ್ಯೋಟೋದಲ್ಲಿ ಗೈಕೋ ಅನ್ನುತ್ತಾರೆ. ಸಂಜೆ ಹೊತ್ತು ಅವರು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗಬೇಕು, ಹಾಗಾಗಿ ಬೇಗ ಬೇಗ ನಡೆಯುತ್ತಿರುತ್ತಾರೆ. ಪ್ರವಾಸಿಗಳು ದಾರಿಗೆ ಅಡ್ಡ ನಿಲ್ಲೋದು, ತೋಳು ಹಿಡಿದು ಎಳೆಯೋದು, ಕಿಮೋನೊ ಮುಟ್ಟೋದು ಶುರುವಾಯಿತು. 2019ರಲ್ಲಿ ಖಾಸಗಿ ಓಣಿಗಳಲ್ಲಿ ಫೋಟೋ ತೆಗೆಯಬಾರದು, ತೆಗೆದರೆ 10,000 ಯೆನ್ ದಂಡ ಅಂತ ಬೋರ್ಡ್ ಹಾಕಿದರು. ಅಷ್ಟಕ್ಕೂ ಜನ ಬಗ್ಗಲಿಲ್ಲ. 2024ರಲ್ಲಿ ಆ ಓಣಿಗಳಿಗೆ ಪ್ರವಾಸಿಗಳು ಕಾಲಿಡುವುದನ್ನೇ ನಿಲ್ಲಿಸಿದರು. ಹನಾಮಿಕೋಜಿ ಅನ್ನೋ ದೊಡ್ಡ ಬೀದಿ ಸಾರ್ವಜನಿಕ, ಅಲ್ಲಿ ಈಗಲೂ ಓಡಾಡಬಹುದು.

ಫ್ಯೂಜಿ ಬೆಟ್ಟದ ಕತೆ ಕೇಳಿರುತ್ತೀರಿ. ಫುಜಿಕವಾಗುಚಿಕೋ ಊರಲ್ಲಿ ಒಂದು ಲಾಸನ್ ಅಂಗಡಿಯ ಹಿಂದೆ ಬೆಟ್ಟ ಚೆನ್ನಾಗಿ ಕಾಣುತ್ತಿತ್ತು. ಜನ ರಸ್ತೆ ಮಧ್ಯೆ ನಿಂತು, ಪಕ್ಕದ ದಂತವೈದ್ಯರ ಜಾಗಕ್ಕೆಲ್ಲ ನುಗ್ಗಿ ಫೋಟೋ ತೆಗೆಯತೊಡಗಿದರು. 2024ರ ಮೇ ತಿಂಗಳಲ್ಲಿ ಊರಿನವರು ಎರಡೂವರೆ ಮೀಟರ್ ಎತ್ತರ, ಇಪ್ಪತ್ತು ಮೀಟರ್ ಉದ್ದದ ಕಪ್ಪು ಪರದೆ ಕಟ್ಟಿ ಬೆಟ್ಟವನ್ನೇ ಮುಚ್ಚಿಬಿಟ್ಟರು! ಆಮೇಲೆ ಚಂಡಮಾರುತದ ಭಯಕ್ಕೆ ಬಿಚ್ಚಿದರು, ಅದು ಬೇರೆ ಮಾತು.

ಪಡುಗಡಲು (ಮಂಗಳೂರು)

ಜಪಾನ್‌ವರೆಗೆ ಯಾಕೆ ಮಾರಾಯ್ರೆ, ನಮ್ಮಲ್ಲಿಗೇ ಬನ್ನಿ. ಒಂದು ಸಿನಿಮಾ ಬಂದ ಮೇಲೆ ಭೂತಕೋಲದ ಫೋಟೋ ಎಲ್ಲರ ಕನಸಾಗಿದೆ. ದೀವಟಿಗೆಯ ಬೆಂಕಿ, ಹಳದಿ ಬಣ್ಣ ಬಳಿದ ಮುಖ, ತೆಂಗಿನ ತಿರಿಯ (ಎಳೆ ಗರಿಯ) ಉಡುಗೆ. ಕ್ಯಾಮೆರಾಕ್ಕೆ ಇದಕ್ಕಿಂತ ಏನು ಬೇಕು, ಹೇಳಿ. ಬರುವುದಕ್ಕೆ ನಮ್ಮದೇನೂ ಅಡ್ಡಿ ಇಲ್ಲ. ಆದರೆ ಅದು ಪ್ರದರ್ಶನ ಅಲ್ಲ. ಯಕ್ಷಗಾನ ನೋಡಿದ ಹಾಗೆ ನೋಡಬೇಡಿ. ಊರಿನವರಿಗೆ ಅಲ್ಲಿ ಬರುವುದು ವೇಷ ಅಲ್ಲ, ದೈವ. ಅವರ ಗದ್ದೆ ತಕರಾರು, ಕಾಯಿಲೆ, ಅಣ್ಣತಮ್ಮಂದಿರ ಜಗಳ ಎಲ್ಲ ದೈವದ ಎದುರು ಬರುತ್ತದೆ. ಅಳುತ್ತಾ ಹೇಳಿಕೊಳ್ಳುವವರೂ ಉಂಟು. ಅದನ್ನು ವಿಡಿಯೋ ಮಾಡಿ ರೀಲ್ ಹಾಕಿದರೆ ಅವರ ಮನೆಯ ಸಂಗತಿ ಬೀದಿಗೆ ಬಂದ ಹಾಗೆ, ಅಲ್ವಾ?

ಎಲ್ಲ ಕಡೆ ಒಂದೇ ನಿಯಮ ಇಲ್ಲ. ಕೆಲವು ಕಡೆ ಫೋಟೋಗೆ ಬಿಡುತ್ತಾರೆ, ಕೆಲವು ಕಡೆ ಪೂರ್ತಿ ಬೇಡ. ಮೊದಲು ಹೋಗಿ ಯಜಮಾನರನ್ನೋ, ದೈವಸ್ಥಾನದವರನ್ನೋ ಕೇಳಬೇಕು. ಬಣ್ಣ ಹಚ್ಚುವಾಗ ಪಾಡ್ದನ (ದೈವದ ಕತೆ ಹೇಳುವ ತುಳು ಹಾಡು) ಹೇಳುತ್ತಿರುತ್ತಾರೆ, ಆಗ ಮುಖದ ಹತ್ತಿರ ಹೋಗಿ ಮೊಬೈಲ್ ಹಿಡಿಯಬೇಡಿ. ಕಾಲಿಗೆ ಗಗ್ಗರ (ದೈವದ ಗೆಜ್ಜೆ) ಕಟ್ಟಿದ ಮೇಲಂತೂ ದೈವಕ್ಕೂ ಜನಕ್ಕೂ ನಡುವೆ ಹಾದುಹೋಗಲೇಬೇಡಿ. ಫ್ಲ್ಯಾಶ್ ಬೇಡವೇ ಬೇಡ. ಬೆಂಕಿಯ ಬೆಳಕಿನಲ್ಲಿ ಆಚೀಚೆ ತಿರುಗುವವರ ಕಣ್ಣಿಗೆ ನಿಮ್ಮ ಫ್ಲ್ಯಾಶ್ ಹೊಡೆದರೆ ಏನಾದೀತು ಯೋಚನೆ ಮಾಡಿ. ಐಎಸ್‌ಒ (ಕಡಿಮೆ ಬೆಳಕಲ್ಲೂ ಫೋಟೋ ಬರುವಂತೆ ಮಾಡುವ ಸೆಟ್ಟಿಂಗ್) ಏರಿಸಿ, ಸ್ವಲ್ಪ ಕಾಳು ಕಾಳು ಬಂದರೆ ಬರಲಿ.

ಮತ್ತೊಂದು. ಚಪ್ಪಲಿ ಬಿಡಿ. ಇಷ್ಟು ದೊಡ್ಡ ಕ್ಯಾಮೆರಾ ಇರುವವರಿಗೆ ಇದನ್ನೂ ಹೇಳಿಕೊಡಬೇಕಾಗುತ್ತದೆ.

ಸ್ಟ್ರೀಟ್_ರಾಜ (ಬೆಂಗಳೂರು)

ಪಡುಗಡಲು ಸರ್, ಆ ತಕರಾರು ಹೇಳಿಕೊಳ್ಳುವ ಭಾಗ ನನಗೆ ಗೊತ್ತಿರಲಿಲ್ಲ. ಒಪ್ಪಿದೆ. ಆದರೂ ಒಂದು ಮಾತು: ಕೇಳುವುದಕ್ಕೆ ನಮಗೆ ಭಾಷೆ ಬರಬೇಕಲ್ಲ? ಕಾಶಿಯಲ್ಲಿ ನನ್ನ ಹಿಂದಿ ಕೇಳಿದರೆ ಅವರು ನಗುತ್ತಾರೆ.

ಕಾಶಿಪ್ರಿಯ

ನಗಲಿ ಬಿಡಿ. ನಕ್ಕ ಮೇಲೆ ಫೋಟೋ ಸಲೀಸು. ಕ್ಯಾಮೆರಾ ತೋರಿಸಿ ಹುಬ್ಬು ಎತ್ತಿದರೂ ಸಾಕು, ಬೇಡ ಅನ್ನೋದು ಎಲ್ಲ ಭಾಷೆಯಲ್ಲೂ ಗೊತ್ತಾಗುತ್ತದೆ.

ಮೆಲ್ಬರ್ನ್_ಮಾವ

ನನ್ನ ಕನಸಿನ ಜಾಗ ಉಲುರು. ಆಸ್ಟ್ರೇಲಿಯಾದ ನಟ್ಟನಡುವೆ ಇರುವ ಆ ಕೆಂಪು ಬಂಡೆ. ಅಲ್ಲಿಗೆ ಹೋದ ಮೇಲೆ ಫೋಟೋ ಬಗ್ಗೆ ನನ್ನ ತಲೆಯಲ್ಲಿದ್ದ ಯೋಚನೆಯೇ ಬದಲಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಆ ನೆಲ ಅನಂಗು ಅನ್ನೋ ಮೂಲನಿವಾಸಿ ಜನರದು. 1985ರ ಅಕ್ಟೋಬರ್ 26ರಂದು ಸರ್ಕಾರ ಅದನ್ನು ಅವರಿಗೆ ವಾಪಸ್ ಕೊಟ್ಟಿತು. ಬಂಡೆ ಹತ್ತಬೇಡಿ ಅಂತ ಅವರು ಎಷ್ಟೋ ವರ್ಷ ಕೇಳಿಕೊಂಡರು, ಜನ ಹತ್ತುತ್ತಲೇ ಇದ್ದರು. ಕೊನೆಗೆ 2019ರಲ್ಲಿ, ಅದೇ ಅಕ್ಟೋಬರ್ 26ಕ್ಕೆ, ಹತ್ತುವುದನ್ನು ಪೂರ್ತಿ ನಿಲ್ಲಿಸಿದರು. ಮುಚ್ಚುತ್ತಾರಂತೆ ಅಂತ ಗೊತ್ತಾದ ಮೇಲೆ ಕೊನೆಯ ದಿನಗಳಲ್ಲಿ ಹತ್ತೋಕೆ ಉದ್ದದ ಸಾಲು ನಿಂತಿತ್ತು. ಮನುಷ್ಯ ಬುದ್ಧಿ ನೋಡಿ.

ದೂರದಿಂದ ಸೂರ್ಯ ಹುಟ್ಟುವಾಗ, ಮುಳುಗುವಾಗ ಎಷ್ಟು ಬೇಕಾದರೂ ಫೋಟೋ ತೆಗೆಯಬಹುದು. ಅದಕ್ಕೆಂದೇ ಜಾಗ ಮಾಡಿದ್ದಾರೆ. ಆದರೆ ಬಂಡೆಯ ಬುಡದಲ್ಲಿ ಸುತ್ತು ಹಾಕುವಾಗ ಅಲ್ಲಲ್ಲಿ ಬೋರ್ಡ್ ಇದೆ, ಇಲ್ಲಿಂದ ಇಲ್ಲಿಯವರೆಗೆ ಫೋಟೋ ಬೇಡ ಅಂತ. ಕಾರಣವನ್ನೂ ಹೇಳುತ್ತಾರೆ. ಆ ಬಂಡೆಯ ಬಿರುಕು, ಗುಳಿ, ಕಲೆಗಳು ಅವರ ಪಾಲಿಗೆ ಶಾಸ್ತ್ರ ಇದ್ದ ಹಾಗೆ. ಅದನ್ನು ಆ ಜಾಗಕ್ಕೆ ಬಂದೇ ನೋಡಬೇಕು, ಕೆಲವನ್ನು ಗಂಡಸರು ಮಾತ್ರ, ಕೆಲವನ್ನು ಹೆಂಗಸರು ಮಾತ್ರ. ಫೋಟೋ ಆಗಿ ಊರೂರು ತಿರುಗಿದರೆ ನೋಡಬಾರದವರ ಕಣ್ಣಿಗೆ ಬೀಳುತ್ತದೆ.

ನಮಗೇನೂ ಇದು ಹೊಸದಲ್ಲವಲ್ಲ? ಗರ್ಭಗುಡಿಯ ಮೂರ್ತಿಯ ಫೋಟೋ ಬೇಡ ಅಂದರೆ ನಾವು ಯಾಕೆ ಅಂತ ಕೇಳುವುದಿಲ್ಲ. ಬಯಲಲ್ಲಿರುವ ಬಂಡೆಯೂ ಗರ್ಭಗುಡಿ ಆಗಬಹುದು ಅನ್ನೋದು ಮಾತ್ರ ನನಗೆ ಹೊಳೆದಿರಲಿಲ್ಲ.

ಹಕ್ಕಿಹಿಂಡು (ಮೈಸೂರು)

ಬೇಡ ಅಂತ ಬಾಯಿಬಿಟ್ಟು ಹೇಳಲಾರದವರ ಪರವಾಗಿ ನಾನು.

ಮಳೆಗಾಲ ಬಂದರೆ ಆಗುಂಬೆ, ಕೊಡಗು, ಸಕಲೇಶಪುರ ಕಡೆ ರಾತ್ರಿ ಕಪ್ಪೆ, ಹಾವಿನ ಫೋಟೋಗೆ ಗುಂಪು ಗುಂಪಾಗಿ ಬರುತ್ತಾರೆ. ಮಲಬಾರ್ ಹಾರುವ ಕಪ್ಪೆ ಎಲ್ಲರಿಗೂ ಬೇಕು. ಅದು ಕೂತಿರುವ ಎಲೆ ಚೆನ್ನಾಗಿಲ್ಲ ಅಂತ ಕೈಯಲ್ಲಿ ಎತ್ತಿ ಬೇರೆ ಎಲೆ ಮೇಲೆ ಇಡುತ್ತಾರೆ. ಕೈಯಲ್ಲಿ ಸೊಳ್ಳೆ ಓಡಿಸುವ ಕ್ರೀಮ್, ಸ್ಯಾನಿಟೈಸರ್ ಎಲ್ಲ ಇರುತ್ತದೆ. ಕಪ್ಪೆ ಚರ್ಮದಿಂದಲೇ ನೀರು ಹೀರುವ ಪ್ರಾಣಿ, ಅದರ ಜೊತೆ ಇದೂ ಒಳಗೆ ಹೋಗುತ್ತದೆ. ಹಸಿರು ಹಾವನ್ನು ಕೋಲಿನಲ್ಲಿ ಎತ್ತಿ ಬಾಯಿ ತೆರೆಯುವ ತನಕ ಕೆಣಕೋದು ಇನ್ನೊಂದು. ಬಾಯಿ ತೆರೆದ ಹಾವಿನ ಫೋಟೋ ಕಂಡರೆ ನಾನು ಲೈಕ್ ಕೊಡುವುದಿಲ್ಲ.

ಗೂಡಿನ ಫೋಟೋ ಹಿಂದೆ ದೊಡ್ಡ ಸಾಧನೆ. ಈಗ ಅನೇಕ ಸ್ಪರ್ಧೆಗಳು ಅದನ್ನು ತೆಗೆದುಕೊಳ್ಳುವುದೇ ಇಲ್ಲ. ಕೊಂಬೆ ಸರಿಸಿ ಬೆಳಕು ಬಿಟ್ಟರೆ ಫೋಟೋ ಚೆನ್ನಾಗಿ ಬರುತ್ತದೆ, ಕಾಗೆಗೂ ಗೂಡು ಚೆನ್ನಾಗಿ ಕಾಣುತ್ತದೆ.

ಕಾಶಿಗೆ ಹೋಗುವವರಿಗೆ: ಚಳಿಗಾಲದಲ್ಲಿ ಗಂಗೆಯ ಮೇಲೆ ಬಿಳಿ ಸೀಗಲ್‌ಗಳು ಬರುತ್ತವೆ, ವಲಸೆ ಹಕ್ಕಿಗಳು. ದೋಣಿಯವರು ಸೇವ್ ಪೊಟ್ಟಣ ಮಾರುತ್ತಾರೆ. ಎರಚಿದರೆ ನೂರಾರು ಹಕ್ಕಿ ಮುತ್ತಿಕೊಳ್ಳುತ್ತವೆ, ಎಲ್ಲರೂ ನೋಡಿರುವ ಆ ಫೋಟೋ ಸಿಗುತ್ತದೆ. ಎಣ್ಣೆಯಲ್ಲಿ ಕರಿದ ಖಾರದ ತಿಂಡಿ ಅವುಗಳ ಆಹಾರ ಅಲ್ಲ. ದಯವಿಟ್ಟು ಕೊಳ್ಳಬೇಡಿ. ಅವು ಹೇಗೂ ಹಾರಾಡುತ್ತಲೇ ಇರುತ್ತವೆ.

ಹೊಸಪೇಟೆ_ಹುಡುಗ

ಎಲ್ಲರೂ ದೂರದ್ದು ಬರೆದಿರಿ. ನಮ್ಮ ಹಂಪಿಗೆ ಜಗತ್ತೆಲ್ಲ ಬರುತ್ತದೆ, ಒಂದು ಸಾಲೂ ಇಲ್ಲವಲ್ಲ ಇಲ್ಲಿ!

ಫೋಟೋ ತೆಗೆಯುವವರು ನೋಡಲೇಬೇಕಾದ ಒಂದು ಜಾಗ ಹೇಳುತ್ತೇನೆ. ವಿರೂಪಾಕ್ಷ ಗುಡಿಯ ಹಿಂಭಾಗದಲ್ಲಿ ಒಂದು ಕತ್ತಲೆ ಮಂಟಪ ಇದೆ. ಗೋಡೆಯಲ್ಲಿ ಸಣ್ಣ ಕಿಂಡಿ. ಅದರಿಂದ ಬರುವ ಬೆಳಕಿನಲ್ಲಿ ಮುಂದಿನ ದೊಡ್ಡ ಗೋಪುರ ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ನಿಮ್ಮ ಕ್ಯಾಮೆರಾದೊಳಗೆ ನಡೆಯುವುದೂ ಇದೇ. ಜನ ಮಾಡೋದೇನು ಗೊತ್ತಾ? ಸರಿಯಾಗಿ ಕಾಣಲಿ ಅಂತ ಮೊಬೈಲ್ ಟಾರ್ಚ್ ಹಾಕುತ್ತಾರೆ. ಗೋಪುರ ಮಾಯ. ಆಮೇಲೆ, ಎಲ್ಲಿದೆ ಎಲ್ಲಿದೆ ಅಂತ ನಮ್ಮನ್ನೇ ಕೇಳುತ್ತಾರೆ.

ಕಂಬ ಬೀಳಿಸಿದ ಸಂಗತಿ ನೆನಪಿದೆಯಾ? 2019ರಲ್ಲಿ ಕೆಲವು ಹುಡುಗರು ಹಾಳು ಗುಡಿಯ ಕಂಬ ನೂಕಿ ಬೀಳಿಸಿ ವಿಡಿಯೋ ಮಾಡಿದರು. ಕೋರ್ಟು ಒಬ್ಬೊಬ್ಬರಿಗೆ 70,000 ರೂಪಾಯಿ ದಂಡ ಹಾಕಿತು, ಬಿದ್ದ ಕಂಬವನ್ನು ಅವರ ಕೈಯಿಂದಲೇ ನಿಲ್ಲಿಸಿತು. ಅಂಥವರು ಅಪರೂಪ. ದಿನಾ ನೋಡುವ ಕಾಟ ಬೇರೆ. ಮದುವೆಗೆ ಮುಂಚಿನ ಫೋಟೋಶೂಟ್‌ಗೆ ಅಂತ ಕೆತ್ತನೆಯ ಮೇಲೆ ಹೈಹೀಲ್ಸ್ ಹಾಕಿ ಹತ್ತೋದು, ಬಣ್ಣದ ಹೊಗೆ ಬಿಡೋದು. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ತೆಗೆದುಕೊಳ್ಳಿ. ಡ್ರೋನ್ ಅಂತೂ ಅನುಮತಿ ಇಲ್ಲದೆ ಚೀಲದಿಂದ ಹೊರಗೇ ತೆಗೆಯಬೇಡಿ. ಗಾರ್ಡ್‌ಗೆ ನೂರು ರೂಪಾಯಿ ಕೊಟ್ಟು ಒಳಗೆ ಬಿಡಿಸಿಕೊಳ್ಳುವವರು ಹೋದ ಮೇಲೆ ಬೈಸಿಕೊಳ್ಳುವವನು ಆ ಗಾರ್ಡೇ.

ಬಿಸಿಲುನಾಡು (ಕಲಬುರಗಿ)

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಓದಿದೆ. ಒಂದು ಸಂಶಯ ಉಳಿದಿದೆ. ಕಾಶಿಯ ಸಾಧುಗಳು ಫೋಟೋಗೆ ದುಡ್ಡು ಕೇಳುತ್ತಾರಂತೆ. ಕೊಡಬೇಕಾ, ಬೇಡವಾ?

ತುಂಗೆಯ_ಮಗಳು (ಶಿವಮೊಗ್ಗ)

ಮಕ್ಕಳಿಗೆ ಮಾತ್ರ ಕೊಡಬೇಡಿ. ಶಾಲೆ ಬಿಟ್ಟು ಹಣೆಗೆ ವಿಭೂತಿ ಬಳಿದುಕೊಂಡು ಕೂರುತ್ತವೆ. ದೊಡ್ಡವರ ವಿಷಯ ಅವರಿಗೆ ಬಿಟ್ಟಿದ್ದು.

ಕಾಶಿಪ್ರಿಯ

ಘಾಟ್‌ನ ಛತ್ರಿಯ ಕೆಳಗೆ ಬಣ್ಣ ಬಣ್ಣವಾಗಿ ತಯಾರಾಗಿ ಕೂತವರಿಗೆ ಅದೇ ದುಡಿಮೆ. ಅಲ್ಲಿ ಮುಂಚೆಯೇ ಎಷ್ಟು ಅಂತ ಮಾತಾಡಿಕೊಂಡು, ಕೊಟ್ಟು, ನಿಮಗೆ ಬೇಕಾದ ಹಾಗೆ ಕೂರಿಸಿ ತೆಗೆಯಿರಿ. ತಪ್ಪೇನಿಲ್ಲ. ಆದರೆ ಆಮೇಲೆ ಅದರ ಕೆಳಗೆ "ಧ್ಯಾನದಲ್ಲಿ ಮುಳುಗಿದ ಯೋಗಿ" ಅಂತ ಬರೆಯಬೇಡಿ. ತೆಗೆದು ಆದ ಮೇಲೆ ಚೌಕಾಸಿ ಮಾಡೋದು ಎಲ್ಲಕ್ಕಿಂತ ಕೆಟ್ಟದ್ದು.

ದುಡ್ಡು ಕೇಳದೆ ಫೋಟೋಗೆ ನಿಂತವರು ಇರುತ್ತಾರಲ್ಲ, ದೋಣಿಯವನು, ಹೂವಿನವಳು, ಟೀ ಅಂಗಡಿಯವನು, ಅವರಿಗೆ ಪ್ರಿಂಟ್ ಕೊಡಿ. ಗೋದೌಲಿಯಾ ಕಡೆ ಫೋಟೋ ಸ್ಟುಡಿಯೋಗಳಿವೆ, ಮರುದಿನವೇ ಹಾಕಿಸಿ ಕೈಗೆ ಕೊಡಬಹುದು. ಪೋಸ್ಟ್‌ನಲ್ಲಿ ಕಳಿಸುತ್ತೇನೆ ಅಂತ ವಿಳಾಸ ಬರೆದುಕೊಂಡು ಹೋದವರ ಲೆಕ್ಕ ಅಲ್ಲಿನ ದೋಣಿಯವರು ನಗುತ್ತಾ ಹೇಳುತ್ತಾರೆ.

ಸ್ಟ್ರೀಟ್_ರಾಜ (ಬೆಂಗಳೂರು)

ಪ್ರಿಂಟ್ ಐಡಿಯಾ ಚೆನ್ನಾಗಿದೆ. ಕೆ.ಆರ್. ಮಾರ್ಕೆಟ್ಟಿನ ಹೂವಿನವರಿಗೆ ನಾನೂ ಮಾಡುತ್ತೇನೆ. ಒಬ್ಬರಿಗೆ ಕೊಟ್ಟರೆ ಮುಂದಿನ ವಾರ ಇಡೀ ಸಾಲು ಕರೆದು ನಿಲ್ಲಿಸಿಕೊಳ್ಳುತ್ತದೆ. ಕ್ಯಾಂಡಿಡ್ (ಪೋಸ್ ಕೊಡದ, ಸಹಜ ಫೋಟೋ) ಬೇಕು ಅಂತ ವಾದ ಮಾಡಿದವನು ನಾನೇ, ಈಗ ಆ ಸಾಲಿನಲ್ಲಿ ಯಾರೂ ನನ್ನ ಕ್ಯಾಮೆರಾ ಕಡೆ ತಿರುಗಿಯೂ ನೋಡುವುದಿಲ್ಲ. ತಮ್ಮ ಪಾಡಿಗೆ ಹೂ ಕಟ್ಟುತ್ತಿರುತ್ತಾರೆ.

ಬಿಸಿಲುನಾಡು (ಕಲಬುರಗಿ)

ರಾಜ ಸರ್, ಅದೂ ಕ್ಯಾಂಡಿಡ್ಡೇ ಅಲ್ವಾ! ಸರಿ, ಕೊನೆಯದಾಗಿ: ದೇವ ದೀಪಾವಳಿ ರಾತ್ರಿ ದೋಣಿಯಿಂದ ತೆಗೆಯೋದಾ, ದಡದಿಂದಲಾ? ಟ್ರೈಪಾಡ್ ಒಯ್ಯಲಾ?

ಕಾಶಿಪ್ರಿಯ

ದೋಣಿ ಅಲುಗಾಡುತ್ತಲೇ ಇರುತ್ತದೆ, ಅದರ ಮೇಲೆ ಟ್ರೈಪಾಡ್ ಇಟ್ಟು ಪ್ರಯೋಜನ ಇಲ್ಲ. ದಡದಲ್ಲಿ ಆ ರಾತ್ರಿ ಕಾಲಿಡಲೂ ಜಾಗ ಇರುವುದಿಲ್ಲ. ಮೂರು ಕಾಲು ಅಗಲಿಸಿ ನಿಂತರೆ ದೀಪ ಹಚ್ಚುವ ಹೆಂಗಸರು, ಮಕ್ಕಳು ಎಡವಿ ಬೀಳುತ್ತಾರೆ. ಘಾಟ್‌ಗೆ ಮುಖ ಮಾಡಿದ ಚಾವಣಿ ಇರುವ ರೂಮು ಸಿಕ್ಕರೆ ಟ್ರೈಪಾಡ್ ಅಲ್ಲಿಗೆ. ದೋಣಿಗೆ 35 ಎಂಎಂ ಪ್ರೈಮ್ (ಜೂಮ್ ಇಲ್ಲದ) ಲೆನ್ಸ್ ಸಾಕು. ಆ ದಿನ ದೋಣಿ ಬಾಡಿಗೆ ವಿಪರೀತ ಏರುತ್ತದೆ, ಈಗಲೇ ಮಾತಾಡಿ ಇಟ್ಟುಕೊಳ್ಳಿ. ಮಣಿಕರ್ಣಿಕೆ ಹತ್ತಿರ ಬಂದಾಗ ಕ್ಯಾಮೆರಾ ಇಳಿಸುತ್ತೇನೆ ಅಂತ ದೋಣಿಯವನಿಗೆ ಮೊದಲೇ ಹೇಳಿ. ಇಲ್ಲದಿದ್ದರೆ ನಿಮಗೆ ಖುಷಿಯಾಗಲಿ ಅಂತ ಅವನೇ ಹತ್ತಿರ ಒಯ್ದು ನಿಲ್ಲಿಸುತ್ತಾನೆ.

ಉಳಿಯೋಕೆ ಜಂಗಮವಾಡಿ ಮಠದಲ್ಲೂ ವಿಚಾರಿಸಿ. ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. ತೀರಿಕೊಂಡವರ ಹೆಸರಲ್ಲಿ ಇಟ್ಟ ಲಿಂಗಗಳು ಅಲ್ಲಿ ಸಾಲು ಸಾಲಾಗಿವೆ. ತೆಗೆಯುವ ಮುಂಚೆ ಆಫೀಸಿನಲ್ಲಿ ಕೇಳಿ.

ಬಿಸಿಲುನಾಡು (ಕಲಬುರಗಿ)

ಮಠಕ್ಕೆ ನಾಳೆಯೇ ಫೋನ್ ಮಾಡುತ್ತೇನೆ. ಟ್ರೈಪಾಡ್ ಮನೆಯಲ್ಲೇ ಬಿಡುತ್ತೇನೆ. ತುಂಗೆಯ ಮಗಳು ಅಕ್ಕಾ, ನಮ್ಮ ಅವ್ವನೂ ಜೊತೆಗೆ ಬರುತ್ತಾಳೆ. ಕೇದಾರ ಘಾಟ್‌ನಲ್ಲಿ ಬಟ್ಟೆ ಬದಲಾಯಿಸೋಕೆ ಮರೆ ಏನಾದರೂ ಇದೆಯಾ, ಸೀರೆಯೇ ಹಿಡಿಯಬೇಕಾ?

ತುಂಗೆಯ_ಮಗಳು (ಶಿವಮೊಗ್ಗ)

ಕೆಲವು ಘಾಟ್‌ಗಳಲ್ಲಿ ಬಟ್ಟೆ ಬದಲಾಯಿಸುವ ಕೋಣೆ ಇಟ್ಟಿದ್ದಾರೆ, ಆದರೆ ಹುಣ್ಣಿಮೆ ದಿನ ಅದರ ಮುಂದೆ ದೊಡ್ಡ ಸಾಲು. ಒಂದು ದೊಡ್ಡ ಬೆಡ್‌ಶೀಟ್ ಒಯ್ಯಿರಿ, ದಪ್ಪನೆಯದು. ಸೂರ್ಯ ಎದುರಿಗೇ ಇರುತ್ತಾನೆ, ತೆಳು ಬಟ್ಟೆಯಾದರೆ ಆಚೆಯಿಂದ ಎಲ್ಲ ಕಾಣುತ್ತದೆ. ಹಿಡಿಯೋಕೆ ಇಬ್ಬರು ಬೇಕು. ಪಕ್ಕದಲ್ಲಿ ಯಾರಾದರೂ ಹೆಂಗಸರನ್ನು ಕೇಳಿ, ಹಿಡಿಯುತ್ತಾರೆ.